ಪೂರ್ವಿಕರ ಮೌನವನ್ನು ದಾಖಲಿಸಿದ ಸಂಗ್ರಾಹಕಿ : ಹುವಾನಿಟಾ ಬ್ರೂಕ್ಸ್

ಸ್ಥಳೀಯ ಚರಿತ್ರೆಯನ್ನು ಸಂಗ್ರಹಿಸುವವರ ಮೇಲೆ ಎರಡು ಋಣಗಳಿರುತ್ತವೆ. ಒಂದು, ತಮ್ಮನ್ನು ಬೆಳೆಸಿದ ಸಮುದಾಯದ ಋಣ; ಇನ್ನೊಂದು, ನಡೆದ ಸಂಗತಿಯ ಋಣ. ಇವೆರಡೂ ಒಂದಕ್ಕೊಂದು ಎದುರಾಗಿ ನಿಂತಾಗ ಸಂಗ್ರಾಹಕರು ಯಾವುದನ್ನು ತೀರಿಸಬೇಕು? ಅಮೆರಿಕದ ಹುವಾನಿಟಾ ಬ್ರೂಕ್ಸ್ (1898-1989) ಅವರ ಸಾಧನೆಯನ್ನು ಈ ಪ್ರಶ್ನೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬ್ರೂಕ್ಸ್ ಜನಿಸಿದ್ದು ನೆವಾಡಾ ರಾಜ್ಯದ ಬಂಕರ್‌ವಿಲ್ ಎಂಬ ಹಳ್ಳಿಯಲ್ಲಿ. ಕಿರುಕುಳದಿಂದ ಪಾರಾಗಲು 1847ರಿಂದ ಯೂಟಾ ಸೀಮೆಗೆ ವಲಸೆ ಬಂದ ಮಾರ್ಮನ್ ಪಂಥದವರು ಬರಡು ನೆಲದಲ್ಲಿ ಕಾಲುವೆ ತೋಡಿ ಊರುಗಳನ್ನು ಕಟ್ಟಿದರು. ‘ಪಯನಿಯರ್’ ಎಂದು ಕರೆಯಲಾಗುವ ಈ ಆದ್ಯ ವಲಸಿಗರು ಅಲ್ಲಿನ ಜನಕ್ಕೆ ಬರಿಯ ಪೂರ್ವಿಕರಲ್ಲ, ಪೂಜ್ಯರು. ಬ್ರೂಕ್ಸ್ ಅವರ ಅಜ್ಜ ಡಡ್ಲಿ ಲೆವಿಟ್ ಅವರಲ್ಲೊಬ್ಬರು. ಅವರ ಜೀವನ ಚರಿತ್ರೆಯನ್ನು ಮೊಮ್ಮಗಳು 1942ರಲ್ಲಿ ಪ್ರಕಟಿಸಿದರು.

ಅವರ ಬದುಕಿನ ದಿಕ್ಕನ್ನು ಬದಲಿಸಿದ ಘಟನೆ ಕ್ಷೇತ್ರಕಾರ್ಯ ಮಾಡುವವರೆಲ್ಲ ಅರಿಯಬೇಕಾದದ್ದು. ಮೆಸ್ಕೀಟ್ ಎಂಬ ಊರಿನಲ್ಲಿ ತರುಣ ಶಿಕ್ಷಕಿಯಾಗಿದ್ದಾಗ ನೀಫೈ ಜಾನ್ಸನ್ ಎಂಬ ವೃದ್ಧರು, ತಾವು ಈವರೆಗೆ ಯಾರಿಗೂ ಹೇಳದ ಸಂಗತಿಗಳನ್ನು ಬರೆದುಕೊಳ್ಳಬೇಕೆಂದು ಅವರನ್ನು ಕೇಳಿಕೊಂಡರು. ಆಕೆ ಒಪ್ಪಿದರಾದರೂ ಬಿಡುವಿಲ್ಲದೆ ಮುಂದೂಡಿದರು. 1919ರಲ್ಲಿ ಹೋಗಿ ನೋಡುವ ಹೊತ್ತಿಗೆ ವೃದ್ಧರು ಮರಣಶಯ್ಯೆಯಲ್ಲಿದ್ದರು. ಸನ್ನಿಯಲ್ಲಿ ‘ರಕ್ತ’ ಎಂದು ಕೂಗುತ್ತಿದ್ದರು. ಅವರು 1857ರ ಮೌಂಟನ್ ಮೆಡೋಸ್ ಹತ್ಯಾಕಾಂಡದಲ್ಲಿದ್ದವರೆಂಬುದು ಆಕೆಗೆ ಆಗ ತಿಳಿಯಿತು. ವಕ್ತೃವೊಬ್ಬರಿಗೆ ‘ಮುಂದಿನ ವಾರ ಬರುತ್ತೇನೆ’ ಎಂದು ಹೇಳಿ, ಮತ್ತೆ ಹೋದಾಗ ಬಾಗಿಲಿಗೆ ಬೀಗ ಕಂಡ ಅನುಭವ ಈ ಲೇಖಕನಿಗೂ ಇದೆ. ಕಳೆದುಹೋದ ಹಾಡನ್ನು ಬೇರೊಬ್ಬರ ಬಾಯಲ್ಲಿ ಹುಡುಕಬಹುದು. ಕಳೆದುಹೋದ ತಪ್ಪೊಪ್ಪಿಗೆಯನ್ನು ಹುಡುಕಲಾಗದು.

ಬ್ರೂಕ್ಸ್ ಆ ನಷ್ಟವನ್ನು ಮರೆಯಲಿಲ್ಲ. ಅಮೆರಿಕದ ಆರ್ಥಿಕ ಕುಸಿತದ ದಿನಗಳಲ್ಲಿ, ಅಂದರೆ 1930ರ ದಶಕದಲ್ಲಿ, ಸರ್ಕಾರದ ಪರಿಹಾರ ಯೋಜನೆಯ ನೆರವಿನಿಂದ ಸ್ಥಳೀಯ ಮಹಿಳೆಯರಿಗೆ ಕೆಲಸ ಕೊಟ್ಟು, ಮನೆಮನೆಗಳ ಪೆಟ್ಟಿಗೆಗಳಲ್ಲಿದ್ದ ವಲಸಿಗರ ದಿನಚರಿಗಳನ್ನು ಬೆರಳಚ್ಚು ಮಾಡಿಸಿದರು. ಮುಂದೆ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಗ್ರಂಥಾಲಯಕ್ಕಾಗಿಯೂ ದಿನಚರಿಗಳನ್ನು ಸಂಗ್ರಹಿಸಿದರು. ಮೊದಲ ಪತಿಯನ್ನು ಬೇಗನೆ ಕಳೆದುಕೊಂಡಿದ್ದ ಆಕೆ ಮರುವಿವಾಹದ ನಂತರ ದೊಡ್ಡ ಸಂಸಾರವನ್ನು ನಿಭಾಯಿಸುತ್ತಲೇ ಬರೆದರು. ನೆರೆಯವರು ಬಂದಾಗ ಬಟ್ಟೆ ಇಸ್ತ್ರಿ ಮಾಡುತ್ತಿದ್ದಂತೆ ತೋರಿಸಿಕೊಂಡು ಬರವಣಿಗೆಯನ್ನು ಮರೆಮಾಡುತ್ತಿದ್ದರೆಂಬ ಸಂಗತಿ ಪ್ರಸಿದ್ಧವಾಗಿದೆ. ಹೆಣ್ಣಿನ ವಿದ್ವತ್ತು ಬಟ್ಟೆಯ ರಾಶಿಯಡಿ ಅಡಗಬೇಕಾದ ಸ್ಥಿತಿ ನಮಗೂ ಅಪರಿಚಿತವಲ್ಲ.

1857ರ ಸೆಪ್ಟೆಂಬರ್ 11ರಂದು ದಕ್ಷಿಣ ಯೂಟಾದಲ್ಲಿ, ಅರ್ಕಾನ್ಸಾದಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ವಲಸಿಗರ ತಂಡವೊಂದನ್ನು ಮಾರ್ಮನ್ ಸೈನಿಕ ದಳದವರು ಬಿಳಿಬಾವುಟ ತೋರಿಸಿ ನಂಬಿಸಿ ಹೊರತಂದು ಕೊಂದರು. ಸತ್ತವರು ಸುಮಾರು 120 ಮಂದಿ. ಉಳಿಸಿದ್ದು 17 ಎಳೆಯ ಮಕ್ಕಳನ್ನು ಮಾತ್ರ. ಬಹುಕಾಲ ಈ ಹೊಣೆಯನ್ನು ಅಲ್ಲಿನ ಮೂಲನಿವಾಸಿಗಳಾದ ಪಾಯೂಟ್ ಜನರ ಮೇಲೆ ಹೊರಿಸಲಾಯಿತು. ನ್ಯಾಯಾಲಯ ಶಿಕ್ಷಿಸಿದ್ದು ಜಾನ್ ಡಿ. ಲೀ ಒಬ್ಬರನ್ನೇ, ಅವರನ್ನು 1877ರಲ್ಲಿ ಅದೇ ಸ್ಥಳದಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯವು 1950ರಲ್ಲಿ ಪ್ರಕಟಿಸಿದ ಬ್ರೂಕ್ಸ್ ಅವರ ಗ್ರಂಥ ಈ ಮೌನವನ್ನು ಮುರಿಯಿತು. ಚರ್ಚಿನ ವಶದಲ್ಲಿದ್ದ ಕೆಲವು ಹೇಳಿಕೆಗಳನ್ನು ನೋಡಲು ಅವರಿಗೆ ಅನುಮತಿ ದೊರೆಯಲಿಲ್ಲ. ಆ ನಿರಾಕರಣೆಯನ್ನೂ ಅವರು ಗ್ರಂಥದಲ್ಲಿಯೇ ದಾಖಲಿಸಿದರು. ಪಂಥದ ನಾಯಕ ಬ್ರಿಗಮ್ ಯಂಗ್ ಹತ್ಯೆಗೆ ಆಜ್ಞೆ ನೀಡಲಿಲ್ಲವಾದರೂ ಉದ್ರೇಕದ ವಾತಾವರಣಕ್ಕೂ ಅನಂತರದ ಮರೆಮಾಚುವಿಕೆಗೂ ಹೊಣೆಗಾರರು ಎಂಬುದು ಅವರ ನಿಲುವು. ಇಷ್ಟನ್ನು ಬರೆದೂ ಅವರು ಕೊನೆಯವರೆಗೆ ಆ ಪಂಥದಲ್ಲಿಯೇ ಉಳಿದರು. ಹೊರಗಿನವರ ಆರೋಪಪತ್ರವನ್ನು ಸಮುದಾಯವೊಂದು ಸುಲಭವಾಗಿ ತಳ್ಳಿಹಾಕಬಲ್ಲದು. ಒಳಗಿನವರ ಸಾಕ್ಷ್ಯವನ್ನು ಹಾಗೆ ತಳ್ಳಿಹಾಕುವುದು ಕಷ್ಟ. ಗ್ರಂಥದ ಬಲವಿರುವುದು ಇಲ್ಲಿ.

ಆದರೆ ಅದರ ಮಿತಿಯೂ ಇಲ್ಲಿಯೇ ಇದೆ. ಬ್ರೂಕ್ಸ್ ಅವರ ಆಕರಗಳು ಬಹುಪಾಲು ಅಕ್ಷರ ಬಲ್ಲ ನೆಲೆಗಾರರವು. ಪಾಯೂಟರು ಅವುಗಳಲ್ಲಿ ಇತರರ ಮಾತಿನಲ್ಲಿ ಕಾಣಿಸಿಕೊಳ್ಳುತ್ತಾರೆಯೇ ಹೊರತು ತಮ್ಮ ದನಿಯಲ್ಲಿ ಮಾತನಾಡುವುದಿಲ್ಲ. ಎಲ್ಲ ಹೊಣೆಯೂ ಅವರದೆಂಬ ಕಥನವನ್ನು ಒಡೆದ ಗ್ರಂಥವು, ಅವರ ಪಾಲಿನ ಬಗ್ಗೆ ಆ ಕಥನವನ್ನು ಕಟ್ಟಿದವರ ಹೇಳಿಕೆಗಳನ್ನೇ ಬಹುಮಟ್ಟಿಗೆ ಅವಲಂಬಿಸಿತು. ದಿನಚರಿ ಬರೆಯದ ಜನರ ನೆನಪನ್ನೂ ಸಮಾನ ಆಕರವೆಂದು ಭಾವಿಸುವ ಜಾನಪದ ಶಿಸ್ತು ಈ ಕೊರತೆಯನ್ನು ಗುರುತಿಸದಿರಲಾಗದು.

2007ರಲ್ಲಿ, ಘಟನೆಯ 150ನೆಯ ವರ್ಷದಂದು, ಚರ್ಚಿನ ಪ್ರತಿನಿಧಿಗಳು ಅದೇ ಸ್ಥಳದಲ್ಲಿ ವಿಷಾದ ವ್ಯಕ್ತಪಡಿಸಿದರು. ಪಾಯೂಟರಿಗೂ ವಿಷಾದ ಸಲ್ಲಬೇಕೆಂದು ಹೇಳಿದರು. 2011ರಲ್ಲಿ ಆ ಜಾಗ ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿತವಾಯಿತು. ಬ್ರೂಕ್ಸ್ ಇವನ್ನು ಕಾಣಲು ಬದುಕಿರಲಿಲ್ಲ. ಪೂರ್ವಿಕರು ತೋಡಿದ ಕಾಲುವೆಯನ್ನು ಬರೆದ ಲೇಖನಿಯಿಂದಲೇ ಅವರು ಚೆಲ್ಲಿದ ರಕ್ತವನ್ನೂ ಬರೆದ ಈ ಶಿಕ್ಷಕಿಯನ್ನು ಗೌರವಿಸಬೇಕೆಂದಾದರೆ, ಸಂಗ್ರಾಹಕರು ತಂತಮ್ಮ ಊರಿನಲ್ಲಿ ಯಾರೂ ಹೇಳಬಯಸದ ಕಥೆಯನ್ನು ಕೇಳಲು ಹೋಗಬೇಕು, ತಡಮಾಡದೆ ಹೋಗಬೇಕು.