ಕುರ್ಚಿಯ ಬಾಡಿಗೆ

ಕೆಫೆ ಕಾಫಿ ಡೇ ಮಳಿಗೆಗಳು ಮುಚ್ಚಿದ ಬಗ್ಗೆ ನಾನು ಓದಿದ ಬರಹಗಳಲ್ಲಿ ಎರಡೇ ಬಗೆ. ಒಂದು, 2019ರ ಜುಲೈನಲ್ಲಿ ನೇತ್ರಾವತಿ ಸೇತುವೆಯ ಬಳಿ ಕೊನೆಗೊಂಡ ವಿ.ಜಿ. ಸಿದ್ಧಾರ್ಥ ಅವರ ಕಥೆ. ಇನ್ನೊಂದು, ಕಾಲೇಜು ದಿನಗಳ ಪ್ರೇಮ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಶುರುವಾಗಿ, 2019ರಲ್ಲಿ 1,700 ದಾಟಿದ್ದ ಮಳಿಗೆಗಳು ಎರಡೇ ವರ್ಷದಲ್ಲಿ 600ಕ್ಕಿಂತ ಕೆಳಗಿಳಿದವು. ಸಾಲದ ಹೊರೆಯ ಮೇಲೆ ಕೊರೊನಾ ಬಂತು. ಇಷ್ಟನ್ನು ಎಲ್ಲರೂ ಬರೆದಿದ್ದಾರೆ.

ಯಾರೂ ಬರೆಯದ್ದು ಕುರ್ಚಿಯ ಬಗ್ಗೆ. ನಾನು ಕುಮಟೆಯವಳು. ಕಾಫಿಯ ರುಚಿಗಾಗಿ ಅಲ್ಲಿಗೆ ಹೋದವಳಲ್ಲ. ಭಟ್ಕಳ, ಹೊನ್ನಾವರ, ಕುಮಟೆಯ ಸಣ್ಣ ಹೋಟೆಲುಗಳ ಕಷಾಯ, ಬನ್ಸ್ ನನಗೆ ಇಂದಿಗೂ ಹೆಚ್ಚು. ಆದರೆ ಅಲ್ಲಿ ಲೋಟ ಖಾಲಿಯಾದರೆ ಏಳಬೇಕು. ಹುಡುಗಿಯೊಬ್ಬಳು ಪುಸ್ತಕ ಬಿಚ್ಚಿ ಒಬ್ಬಳೇ ಕೂತರೆ, ಸಪ್ಲೈಯರ್‌ಗಿಂತ ಮೊದಲು 'ಯಾರ ಮನೆಯವಳು' ಎಂಬ ಪ್ರಶ್ನೆ ಬರುತ್ತದೆ. ಕೇಳುವವರು ಕೆಟ್ಟವರಲ್ಲ, ಅಪ್ಪನ ಪರಿಚಯದವರು. ತೊಂದರೆ ಅದೇ.

ಬೆಂಗಳೂರಿನಲ್ಲಿ ಒಂದು ಕಾಫಿಯ ದುಡ್ಡಿಗೆ ಯಾರೂ ಏನೂ ಕೇಳದ ಮೂರು ತಾಸು ಸಿಕ್ಕವು. ನಾಲ್ವರಿದ್ದ ಪಿಜಿ ಕೋಣೆಯಲ್ಲಿ ಸಿಗದ ಆ ಮೌನದಲ್ಲೇ ನನ್ನ ಪ್ರಬಂಧದ ಮೊದಲ ಅಧ್ಯಾಯ ಮುಗಿಯಿತು. ಹಾಗೆಂದು ಅದು ಎಲ್ಲರ ಜಾಗವಾಗಿರಲಿಲ್ಲ. ಫೆಲೋಶಿಪ್ ಬಾರದ ತಿಂಗಳು ನನ್ನದೂ ಅಲ್ಲ.

ಆದ್ದರಿಂದ ಬ್ರ್ಯಾಂಡಿಗಾಗಿ ಅಳಲಾರೆ. ನಮ್ಮೂರುಗಳಲ್ಲಿ ಹೆಣ್ಣೊಬ್ಬಳು ಕಾರಣ ಹೇಳದೆ ಮೂರು ತಾಸು ಕೂರಬಹುದಾದ ಜಾಗ ಯಾವುದು? ಮುಚ್ಚಿದ ಮಳಿಗೆಗಳ ಬಗ್ಗೆ ಬರೆಯುವವರು ಮುಂದಿನ ಸಲ ಅಲ್ಲಿಂದ ಶುರು ಮಾಡಲಿ.