ಹೇಡೀಸನಿಗೆ ಯಮನ ವೇಷ ಬೇಡ

ಗ್ರೀಕರ ಪಾತಾಳದ ಕಥೆಗಳನ್ನು ಕನ್ನಡದಲ್ಲಿ ಹೇಳಹೊರಟವರು ಹಲವು ಸಲ ಮೊದಲು ಮಾಡುವ ಕೆಲಸ ಅಲ್ಲಿನ ದೊರೆ ಹೇಡೀಸನನ್ನು ಕೋಣದ ಮೇಲೆ ಕೂರಿಸುವುದು. ಗುಬ್ಬಿ ಕಂಪನಿಯ ಸೀಮೆಯವರಾದ ನಮಗೆ ವೇಷ ಕಟ್ಟುವುದು ಹೊಸದಲ್ಲ. ಆದರೆ ಈ ಪಾತ್ರಕ್ಕೆ ಆ ವೇಷ ಒಪ್ಪುವುದಿಲ್ಲ. ಯಮ ಪಾಶ ಹಿಡಿದು ತಾನೇ ಬರುತ್ತಾನೆ, ಸಾವಿತ್ರಿಯ ಮಾತಿಗೆ ಸೋಲುತ್ತಾನೆ. ಹೇಡೀಸ್ ಅರಮನೆ ಬಿಟ್ಟು ಕದಲುವುದೇ ಅಪರೂಪ. ಸತ್ತವರಿಗೆ ದಾರಿ ತೋರುವವನು ಹರ್ಮೀಸ್, ಹೊಳೆ ದಾಟಿಸುವವನು ಕೇರಾನ್, ಬಾಗಿಲು ಕಾಯುವುದು ಸರ್ಬೆರಸ್ ಎಂಬ ನಾಯಿ. ಟಾಂಟಲಸ್, ಸಿಸಿಫಸ್‌ರಂಥ ಕೆಲವರಿಗೆ ಅಲ್ಲಿ ಶಿಕ್ಷೆಯುಂಟು. ಆದರೆ ಎಲ್ಲರ ಪಾಪಪುಣ್ಯ ಬರೆದಿಟ್ಟ ಚಿತ್ರಗುಪ್ತನ ಕಡತ ಹೋಮರನಲ್ಲಿಲ್ಲ. ಅಲ್ಲಿಗೆ ಸೇರಿದವರ ಸಂಕಟವೇ ಬೇರೆ: ಬದುಕಿರುವವರ ಸುದ್ದಿ ತಿಳಿಯುವುದಿಲ್ಲ, ಬದುಕಿದ್ದಾಗಿನ ಸಿಟ್ಟು ಇಳಿಯುವುದಿಲ್ಲ.

'ಒಡಿಸ್ಸಿ'ಯ 11ನೆಯ ಭಾಗ ನೋಡಿ. ಒಡಿಸ್ಯೂಸ್ ಗುಣಿ ತೋಡಿ ಜೇನು ಬೆರೆತ ಹಾಲು, ದ್ರಾಕ್ಷಾರಸ, ನೀರು ಎರೆಯುತ್ತಾನೆ, ಜವೆಗೋಧಿ ಹಿಟ್ಟು ಉದುರಿಸಿ ಕುರಿಯ ರಕ್ತ ಹರಿಸುತ್ತಾನೆ. ಸತ್ತವರು ಗುಣಿಯ ಸುತ್ತ ಮುತ್ತುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಗುಬ್ಬಿ, ಕುಣಿಗಲ್ ಕಡೆಯವರಿಗೆ ಇಷ್ಟನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಿನದು ಮಾತ್ರ ನಮಗೆ ಹೊಸದು. ಮಹಾವೀರ ಅಕಿಲೀಸ್ ತನ್ನ ಮಗನ ಕ್ಷೇಮಸಮಾಚಾರ ಕೇಳುತ್ತಾನೆ, ಮಗ ಶೂರನಾದ ಎಂದು ತಿಳಿದು ಹಿಗ್ಗುತ್ತಾ ಹೋಗುತ್ತಾನೆ. ಅಕಿಲೀಸನ ಆಯುಧಗಳು ತನಗೆ ಸಿಗದೆ ಒಡಿಸ್ಯೂಸನ ಪಾಲಾದವೆಂದು ಕುದಿದು ಸತ್ತ ಏಜಾಕ್ಸ್ ಮಾತ್ರ ದೂರ ನಿಲ್ಲುತ್ತಾನೆ. ಒಡಿಸ್ಯೂಸ್ ಎಷ್ಟು ಬೇಡಿಕೊಂಡರೂ ಒಂದು ಮಾತೂ ಆಡದೆ ಕತ್ತಲೆಗೆ ತಿರುಗಿ ನಡೆಯುತ್ತಾನೆ.

ಈ ಏಜಾಕ್ಸನನ್ನು ಕನ್ನಡಕ್ಕೆ ತಂದವರು ನಮ್ಮ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ. ಅವರು ಹುಟ್ಟಿದ್ದೂ ಗುಬ್ಬಿ ಕಂಪನಿ ಶುರುವಾದದ್ದೂ ಒಂದೇ ವರ್ಷ, 1884. ಸೊಫೊಕ್ಲಿಸನ ನಾಟಕವನ್ನು ಅವರು 1929ರಲ್ಲಿ 'ಅಶ್ವತ್ಥಾಮನ್' ಮಾಡಿದರು. ಹೆಸರುಗಳೆಲ್ಲ ಮಹಾಭಾರತದವು. ಆದರೆ ಪುರಾಣ ಚಿರಂಜೀವಿ ಎಂದು ಹೇಳಿದವನನ್ನು ಅವರು ತನ್ನ ಕೈಯಾರೆ ಸಾಯಲು ಬಿಟ್ಟರು. ಆ ದುರಂತ ಹಾಗೆಯೇ ಮುಗಿಯಬೇಕಿತ್ತು. ನಮ್ಮವರಿಗೆ ಹಿತವಾಗಲೆಂದು ಅದರ ಮೊನೆಯನ್ನು ಮುರಿಯಲಿಲ್ಲ.

1935ರ 'ಪಾರಸಿಕರು' ನಾಟಕದಲ್ಲಿ ಬಿ.ಎಂ.ಶ್ರೀ. ಹೆಸರುಗಳನ್ನೂ ಬದಲಿಸಲಿಲ್ಲ. ಇದರ ಮೂಲ ಈಸ್ಕಿಲಸ್ ಕ್ರಿ.ಪೂ. 472ರಲ್ಲಿ ಆಡಿಸಿದ ನಾಟಕ. ರಾಣಿ ಗೋರಿಗೆ ತರ್ಪಣ ಎರೆಯುತ್ತಾಳೆ, ಸತ್ತ ದೊರೆ ದಾರಯನ ಪ್ರೇತ ಮೇಲೇಳುತ್ತದೆ. ಒಂದು ಕಾಲಕ್ಕೆ ಅಷ್ಟು ದೊಡ್ಡ ರಾಜ್ಯ ಆಳಿದವನಿಗೆ ಮಗನ ಸೈನ್ಯ ಸೋತ ಸಂಗತಿ ಗೊತ್ತಿಲ್ಲ, ಹೆಂಡತಿಯನ್ನು ಕೇಳಿ ತಿಳಿಯಬೇಕು. ಪ್ರೇತವೆಂದರೆ ಎಲ್ಲವನ್ನೂ ಬಲ್ಲದ್ದು ಎಂದುಕೊಂಡು ಈ ಪ್ರಶ್ನೆಗಳನ್ನು ಕತ್ತರಿಸಿದರೆ ದೃಶ್ಯದ ಜೀವವೇ ಹೋಗುತ್ತದೆ.

ಇನ್ನು ಪೈರಿನ ದೇವತೆ ಡಿಮೀಟರಳ ಮಗಳು ಪರ್ಸೆಫೊನಿಯ ಕಥೆ. ಹೂ ಕೀಳುತ್ತಿದ್ದ ಹುಡುಗಿಯ ಮುಂದೆ ನೆಲ ಬಾಯಿಬಿಡುತ್ತದೆ, ಹೇಡೀಸ್ ರಥದಲ್ಲಿ ಮೇಲೆ ಬಂದು ಅವಳನ್ನು ಹೊತ್ತೊಯ್ಯುತ್ತಾನೆ. ಆ ರಥದ ಕುದುರೆಗಳ ಓಟವನ್ನು ಕುಣಿಗಲ್ಲಿನ ಕುದುರೆ ಫಾರಂ ಕಂಡವರಿಗೆ ಹೇಳುವುದು ಸುಲಭ. ಕಷ್ಟ ಬರುವುದು ಋತುವಿನ ವಿಷಯದಲ್ಲಿ. ಮಗಳು ಅಲ್ಲಿ ದಾಳಿಂಬೆಯ ಬೀಜ ತಿಂದಳು, ಹಾಗಾಗಿ ವರ್ಷದ ಮೂರನೆಯ ಒಂದು ಪಾಲು ಕೆಳಗೇ ಇರಬೇಕಾಯಿತು, ಅದೇ ಚಳಿಗಾಲ ಎಂದು ಬರೆದು ಮುಗಿಸುವವರಿದ್ದಾರೆ. ನಮ್ಮಲ್ಲಿ ಚಳಿಗಾಲವೆಂದರೆ ರಾಗಿ ಕಣಕ್ಕೆ ಬರುವ ಕಾಲ, ಅದನ್ನು ಶೋಕದ ಕಾಲವೆಂದರೆ ನಂಬುವವರು ಯಾರು? ಹಳೆಯ ಡಿಮೀಟರ್ ಸ್ತೋತ್ರದಲ್ಲಿ ತಾಯಿಯ ದುಃಖ ತೋರುವುದು ಮೊಳೆಯದ ಬೀಜದಲ್ಲಿ, ಎತ್ತುಗಳು ವ್ಯರ್ಥವಾಗಿ ಎಳೆದ ನೇಗಿಲಿನಲ್ಲಿ. ಅದು ಬರ. ತುಮಕೂರಿನ ಓದುಗರಿಗೆ ಬರ ಎಂದರೆ ಸಾಕು, ಹಿಮ ಸುರಿಸುವುದು ಬೇಡ.

ಮರುಕಥನ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟೆ: ಮಾತು ನಮ್ಮದಿರಲಿ, ಬೇಕಾದರೆ ಹೆಸರುಗಳೂ ನಮ್ಮವೇ ಇರಲಿ, ಆ ಲೋಕದ ಕಟ್ಟಳೆಗಳನ್ನು ಮಾತ್ರ ಮುಟ್ಟಬೇಡಿ. ಓದುಗರು ಮೊದಲು 'ಅಶ್ವತ್ಥಾಮನ್' ಓದಿ, ಆಮೇಲೆ 'ಒಡಿಸ್ಸಿ'ಯ 11ನೆಯ ಭಾಗಕ್ಕೆ ಬನ್ನಿ. ಏಜಾಕ್ಸ್ ಏಕೆ ಮಾತಾಡಲಿಲ್ಲ ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.