ಹೆಳವರ ವಂಶಕಥನವೂ ಅದರ ಪ್ರಾಮಾಣ್ಯವೂ

ಎತ್ತಿನ ಮೇಲೆ ಕುಳಿತು, ಕಂಬಳಿಯಿಂದ ಕಾಲುಗಳನ್ನು ಮುಚ್ಚಿಕೊಂಡು, ಮನೆಯ ಬಾಗಿಲಲ್ಲಿ ನಿಂತು ಆ ಮನೆಯ ಹಿರಿಯರ ಹೆಸರುಗಳನ್ನು ತಡವರಿಸದೆ ಹೇಳುವ ಹೆಳವರ ವೃತ್ತಿಯನ್ನು ಥರ್ಸ್ಟನ್ನನು 1909ರಲ್ಲಿ ಪ್ರಕಟವಾದ ತನ್ನ ಏಳು ಸಂಪುಟಗಳ ಗ್ರಂಥದಲ್ಲಿ ವರ್ಣಿಸಿರುವನು. ಬಳ್ಳಾರಿ ಮತ್ತು ಮೈಸೂರು ಸೀಮೆಗಳಲ್ಲಿ ಊರುಗಳ ಚರಿತ್ರೆಯನ್ನು ಕಾಪಾಡುವವರು ಇವರೆಂಬುದೇ ಆತನ ಅಭಿಪ್ರಾಯ. ಆದರೆ ಈ ಕಥನದ ಬೆಲೆಯನ್ನು ಕಟ್ಟುವುದರಲ್ಲಿ ವಿದ್ವಾಂಸರು ಎರಡು ತುದಿಗಳನ್ನು ಹಿಡಿದಿರುವರು. ಶಾಸನವೊಂದನ್ನೇ ನೆಚ್ಚಿದವರು ಇದನ್ನು ಹೊಟ್ಟೆಪಾಡಿನ ಹೊಗಳಿಕೆಯೆಂದು ತಳ್ಳುವರು. ಕುಲಚರಿತ್ರೆಯನ್ನು ಬರೆಯಹೊರಟವರು ಇದರ ಪ್ರತಿಯೊಂದು ಮಾತನ್ನೂ ಶಿಲಾಲಿಪಿಯಂತೆ ಎತ್ತಿಕೊಳ್ಳುವರು. ಕಥನದ ಕಟ್ಟು ಎಂತಹುದೆಂದು ವಿಚಾರಿಸುವ ತೊಂದರೆಯನ್ನು ಇಬ್ಬರೂ ತೆಗೆದುಕೊಂಡಂತೆ ತೋರುವುದಿಲ್ಲ.

ಹಿರಿಯೂರು ತಾಲ್ಲೂಕಿನ ಆದಿವಾಲದಂತಹ ಒಂದು ಊರನ್ನು ಮುಂದಿಟ್ಟುಕೊಂಡು ಈ ವಿಚಾರವನ್ನು ಮಾಡಬಹುದು. ಕುಂಚಿಟಿಗರು, ಕುರುಬರು, ಕಾಡುಗೊಲ್ಲರು ಮೊದಲಾದವರು ನೆಲೆಸಿರುವ ಆ ಸೀಮೆಯಲ್ಲಿ, ತಮ್ಮ ಹಿರಿಯರು ಬೇರೊಂದೆಡೆಯಿಂದ ಬಂದವರೆಂದು ಹೇಳಿಕೊಳ್ಳದ ಕುಲವು ವಿರಳ. ಇಂತಹ ಕಥನದಲ್ಲಿ ಮೂರು ಪದರಗಳನ್ನು ಬೇರ್ಪಡಿಸತಕ್ಕದ್ದು. ಮೊದಲನೆಯದು ಕುಲಮೂಲದ ಕಥೆ. ಕೊನೆಯದು ಕೇಳುವವನ ತಂದೆ, ಅಜ್ಜ, ಮುತ್ತಜ್ಜರ ಹೆಸರುಗಳು. ಇವೆರಡರ ನಡುವಣದು ಬಿಟ್ಟ ಊರು ಹಿಡಿದ ಊರುಗಳ ಸಾಲು.

ಮೊದಲನೆಯ ಪದರವು ಕಾವ್ಯವೇ ಸರಿ. ಆವತಿಯ ನಾಡಪ್ರಭುಗಳ ಹಿರಿಯರು ಕನ್ಯೆಯನ್ನು ಬಲವಂತದಿಂದ ಬೇಡಿದ ದೊರೆಗೆ ಅಂಜಿ ಕಂಚಿಯ ಕಡೆಯಿಂದ ಓಡಿಬಂದರೆಂದೂ, ತುಂಬಿದ ಹೊಳೆಯು ಇಬ್ಭಾಗವಾಗಿ ಅವರಿಗೆ ದಾರಿಕೊಟ್ಟಿತೆಂದೂ ಮೊರಸುನಾಡಿನಲ್ಲಿ ಹೇಳುವರು. ಇದೇ ಬಗೆಯ ಕಥೆ ಬೇರೆ ಬೇರೆ ಕುಲಗಳಲ್ಲಿ ಹೊಳೆಯ ಹೆಸರನ್ನು ಮಾತ್ರ ಬದಲಿಸಿಕೊಂಡು ಬರುವುದು. ಅನೇಕರ ಸೊತ್ತಾದ ಕಥೆಯು ಒಬ್ಬರ ಚರಿತ್ರೆಗೆ ಸಾಕ್ಷಿಯಾಗಲಾರದು. ಕೊನೆಯ ಪದರವು ಬಹುಮಟ್ಟಿಗೆ ನಂಬತಕ್ಕದ್ದೇ. ಮನೆಯ ಮುದುಕನು ಎದುರಿಗೆ ಕುಳಿತು ಕೇಳುವಾಗ ತಪ್ಪು ಹೆಸರು ಉಳಿಯುವುದು ಕಷ್ಟ.

ನಿಜವಾದ ಸಾರವಿರುವುದು ನಡುವಣ ಪದರದಲ್ಲಿ. ದೇವತೆಗಳ, ಋಷಿಗಳ, ರಾಜರ ವಂಶಗಳನ್ನು ಧಾರಣೆ ಮಾಡುವುದೇ ಸೂತನ ಧರ್ಮವೆಂದು ವಾಯುಪುರಾಣವು ವಿಧಿಸಿರುವುದಷ್ಟೆ. ಹೆಳವನು ಸೂತನ ಕೆಲಸವನ್ನೇ ಮಾಡುವನು. ಆದರೆ ರಾಜನಿಗಲ್ಲ, ನೇಗಿಲಯೋಗಿಗೆ. ಬ್ರಾಹ್ಮಣರ ಪ್ರವರವು ಋಷಿಗಳ ಹೆಸರನ್ನು ಉಳಿಸಿತೇ ಹೊರತು ಅಜ್ಜಂದಿರು ಇಳಿದ ಊರನ್ನು ಉಳಿಸಲಿಲ್ಲ. ಬಬ್ಬೂರುಕಮ್ಮೆಯಂತಹ ಪಂಗಡದ ಹೆಸರಿನಲ್ಲಿ ಒಂದು ಊರು ಸಿಕ್ಕಿಕೊಂಡಿದೆ, ಅದನ್ನು ಹಿರಿಯೂರಿನ ಬಳಿಯ ಬಬ್ಬೂರಿಗೆ ಸೇರಿಸುವುದು ರೂಢಿ; ಆದರೆ ಅದು ಒಂದೇ ತಂಗುದಾಣ. ಹೆಳವನು ದಾರಿಯನ್ನೇ ಹೇಳುವನು.

ಈ ದಾರಿಯನ್ನು ಒರೆಗೆ ಹಚ್ಚುವ ಬಗೆ ಹೇಗೆ? ಹೊರದೇಶದ ಒಂದು ನಿದರ್ಶನ ಇಲ್ಲಿ ಉಪಯುಕ್ತ. ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಕ್ವೇಕರ್ ಮತಸ್ಥರು ಪೆನ್ಸಿಲ್ವೇನಿಯದಿಂದ ವರ್ಜೀನಿಯಕ್ಕೂ, ಅಲ್ಲಿಂದ ಉತ್ತರ ಕೆರೊಲಿನದ ಒಳನಾಡಿಗೂ ಇಳಿದರು. ಅಲ್ಲಿ 1751ರಲ್ಲಿ ಕೇನ್ ಕ್ರೀಕಿನ, 1754ರಲ್ಲಿ ನ್ಯೂ ಗಾರ್ಡನ್ನಿನ ಮಾಸಸಭೆಗಳು ಏರ್ಪಟ್ಟವು. ಊರು ಬಿಡುವವನಿಗೆ ಹಳೆಯ ಸಭೆಯು ಅವನ ನಡತೆಯನ್ನು ಕುರಿತು ಒಂದು ಪತ್ರವನ್ನು ಕೊಡುತ್ತಿತ್ತು. ಹೊಸ ಸಭೆಯು ಅದನ್ನು ದಾಖಲೆಮಾಡಿಕೊಳ್ಳುತ್ತಿತ್ತು. ಹಿನ್‌ಷಾ ಎಂಬ ವಿದ್ವಾಂಸನು 1936ರಿಂದ ಪ್ರಕಟಿಸತೊಡಗಿದ ವಂಶಕೋಶಕ್ಕೆ ಇಂತಹ ಸಭಾದಾಖಲೆಗಳೇ ಆಧಾರ. ಅಲ್ಲಿ ಬಿಟ್ಟ ಊರೂ ಸೇರಿದ ಊರೂ ಪರಸ್ಪರ ಸಾಕ್ಷಿ.

ನಮ್ಮ ಸೀಮೆಯಲ್ಲಿ ಅಂತಹ ಪತ್ರವಿಲ್ಲ, ಮನೆದೇವರುಂಟು. ವಲಸೆಹೋದ ಕುಲವು ಹೊಲವನ್ನು ಬಿಟ್ಟೀತು, ಮನೆದೇವರನ್ನು ಬಿಡದು. ಮುಡಿಯನ್ನು ಒಪ್ಪಿಸಲೂ ಹರಕೆಯನ್ನು ಸಲ್ಲಿಸಲೂ ಹಳೆಯ ಊರಿಗೇ ಹೋಗುವುದು. ಹೆಳವನು ಹೇಳಿದ ಊರಿನಲ್ಲಿ ಆ ಕುಲದ ದೇವರಿದ್ದು, ಅಲ್ಲಿ ಉಳಿದ ದಾಯಾದಿಗಳು ಅದೇ ಬೆಡಗನ್ನು ಹೇಳಿದರೆ, ಆ ಮಾತಿಗೆ ಎರಡನೆಯ ಸಾಕ್ಷಿ ದೊರೆತಂತಾಯಿತು. ಆ ದಾಯಾದಿಗಳ ಮನೆಯಲ್ಲಿ ಹೇಳುವವನು ಬೇರೊಬ್ಬ ಹೆಳವನಾಗಿದ್ದರೆ ಮತ್ತೂ ಬಲವತ್ತರ. ರೈಸರ ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟದಲ್ಲಿರುವ ಹಿರಿಯೂರು ತಾಲ್ಲೂಕಿನ ಶಾಸನಗಳು ಊರಿನ ಪ್ರಾಚೀನತೆಯನ್ನು ನಿಶ್ಚಯಿಸಲು ಒದಗಿಯಾವು. ಆದರೆ ದಾನಶಾಸನದಲ್ಲಿ ಬಡ ಒಕ್ಕಲಿನ ಹೆಸರನ್ನು ಹುಡುಕುವುದು ವ್ಯರ್ಥಶ್ರಮ.

ಕಾಲನಿರ್ಣಯದಲ್ಲಿ ಮಾತ್ರ ಎಚ್ಚರವಿರಬೇಕು. ಸಂವತ್ಸರದ ಹೆಸರು ಅರುವತ್ತು ವರ್ಷಕ್ಕೊಮ್ಮೆ ಮರಳುವುದರಿಂದ, ಧಾತು ಸಂವತ್ಸರದಲ್ಲಿ ಊರು ಬಿಟ್ಟರೆಂದರೆ ಅದು 1816ನೆಯ ಇಸವಿಯೂ ಆಗಬಹುದು, 1876ನೆಯ ಇಸವಿಯೂ ಆಗಬಹುದು. ತಲೆಮಾರುಗಳ ಎಣಿಕೆಯಿಂದ ಎರಡನೆಯದೆಂದು ಹೊಳೆದಲ್ಲಿ, ಮೈಸೂರು ಸೀಮೆಯ ಜನಸಂಖ್ಯೆಯನ್ನು 1871ರಿಂದ 1881ರೊಳಗೆ ಸುಮಾರು ಐವತ್ತು ಲಕ್ಷದಿಂದ ನಲವತ್ತೆರಡು ಲಕ್ಷಕ್ಕೆ ಇಳಿಸಿದ ಮಹಾಕ್ಷಾಮವು ಕಣ್ಣಮುಂದೆ ನಿಲ್ಲುವುದು.

ಇಪ್ಪತ್ತನೆಯ ಶತಮಾನದ ಮುದ್ರಿತ ಕುಲಚರಿತ್ರೆಗಳಲ್ಲಿ ಅನೇಕವು ದೊಡ್ಡ ಅನ್ಯಾಯವನ್ನು ಮಾಡಿದುದು ಇಲ್ಲಿಯೇ. ಅವು ಮೊದಲನೆಯ ಪದರವನ್ನು ಹಿಗ್ಗಿಸಿ ಕ್ಷತ್ರಿಯತ್ವವನ್ನು ಸಾಧಿಸಿದವು. ಬರ, ಸಾಲ, ದಾಯಾದಿ ಜಗಳಗಳಿಂದ ಊರು ಬಿಟ್ಟ ಸಂಗತಿಗಳನ್ನು ಅಗೌರವವೆಂದು ಕತ್ತರಿಸಿದವು. ಬೇಡವಾದುದು ಉಳಿದು ಬೇಕಾದುದು ಹೋಯಿತು. ಹೆಳವನಾದರೋ ದವಸಕ್ಕೂ ಕಂಬಳಿಗೂ ಕೈಯೊಡ್ಡುವವನಾಗಿ ಹೊಗಳಿದನು, ನಿಜ. ಆದರೂ ಬಿಟ್ಟ ಊರಿನ ಹೆಸರನ್ನು ಮುಚ್ಚಿಡಲಿಲ್ಲ.

ಆದುದರಿಂದ ಕಥನವನ್ನು ಬರೆದುಕೊಳ್ಳುವವರು ಅದನ್ನು ಗ್ರಾಂಥಿಕ ಭಾಷೆಗೆ ತಿದ್ದದೆ, ಹೇಳಿದವನ ಮಾತಿನಲ್ಲಿಯೇ, ಹೇಳಿದ ದಿನ ಮತ್ತು ಮನೆಯೊಡನೆ ಬರೆದುಕೊಳ್ಳತಕ್ಕದ್ದು. ನಡುವೆ ಮನೆಯ ಹಿರಿಯಳು ಬಾಗಿಲ ಹಿಂದಿನಿಂದ, ಆತನು ಹಿರಿಯ ಮಗನಲ್ಲ, ಎರಡನೆಯವನು ಎಂದು ಅಡ್ಡಮಾತಾಡಿದರೆ ಅದನ್ನೂ ಆ ಸ್ಥಳದಲ್ಲಿಯೇ ಪಾಠಾಂತರವಾಗಿ ಗುರುತುಹಾಕಬೇಕು.